ಕೊಡಗಿನ ಖಾರಾ ಬಿಸ್ಕೆಟ್‌ಗೆ ಅಮೆರಿಕ ಕಸ್ಟಮ್ಸ್‌ನಲ್ಲಿ ಯಾವ ಕೋಡ್?

ಅಮೆರಿಕದಲ್ಲಿರೋ ನಮ್ಮ ಕಡೆಯವ್ರು ದಸರಾ ಮುಗೀತಿದ್ದಂಗೆ ಮೆಸೇಜ್ ಮಾಡೋಕೆ ಶುರು ಮಾಡ್ತಾರೆ. ದೀಪಾವಳಿಗೆ ಕನ್ನಡ ಕೂಟದಲ್ಲಿ ಸ್ಟಾಲ್ ಹಾಕ್ಬೇಕು, ಹುತ್ತರಿಗೆ ಎಲ್ಲಾ ಸೇರ್ತೀವಿ, ಕುಶಾಲನಗರದಿಂದ ಖಾರಾ ಬಿಸ್ಕೆಟ್ ಒಂದಷ್ಟು ಕಾರ್ಟನ್ ತರಿಸ್ಕೊಳ್ಳೋಣ ಅಂತಿದೀವಿ, ಡ್ಯೂಟಿ ಎಷ್ಟು ಬೀಳುತ್ತೆ? ಡ್ಯೂಟಿ ಅಂದ್ರೆ ಆಮದು ಸುಂಕ, ಅದು ಎಷ್ಟು ಅನ್ನೋದು ಮಾಲಿನ ಕೋಡ್ ಮೇಲೆ ನಿಂತಿರುತ್ತೆ. ಬೇಕರಿಯವ್ರು ಬಿಲ್ ಮೇಲೆ ಒಂದು ಕೋಡ್ ಹಾಕಿರ್ತಾರೆ, ಕೊರಿಯರ್‌ನವ್ರು ಇನ್ನೊಂದು ಹೇಳ್ತಾರೆ, ವಾಟ್ಸಾಪ್ ಗ್ರೂಪಲ್ಲಿ ಯಾರೋ ಮೂರನೇದು ಹಾಕ್ತಾರೆ. ನಾನು ನ್ಯೂಜೆರ್ಸಿಯಲ್ಲಿ ಒಂದು ಕಸ್ಟಮ್ಸ್ ಬ್ರೋಕರ್ ಆಫೀಸಲ್ಲಿ, ಅಂದ್ರೆ ಮಾಲು ತರಿಸೋರ ಪರವಾಗಿ ಕಸ್ಟಮ್ಸ್ ಕಾಗದಪತ್ರ ಮಾಡ್ಕೊಡೋ ಕಡೆ, ಈ ಕೋಡ್ ಹಾಕೋ ಕೆಲಸಾನೇ ಮಾಡ್ಕೊಂಡಿದ್ದವನು, ಈಗ ಊರಿಗೆ ಬಂದಿದೀನಿ, ಭಾವನ ಬೇಕರಿ ಇಲ್ಲೇ ಇದೆ, ಹಂಗಾಗಿ ಹಿಟ್ಟು ಕಲಸೋ ಕಡೆಯಿಂದ್ಲೂ ಗೊತ್ತು, ಆ ಕಡೆ ಪೋರ್ಟಲ್ಲಿ ಪೆಟ್ಟಿಗೆ ಇಳಿಸೋ ಕಡೆಯಿಂದ್ಲೂ ಗೊತ್ತು.

ಮೊದ್ಲೇ ಹೇಳ್ಬಿಡ್ತೀನಿ, ಅಮೆರಿಕದ ಕಸ್ಟಮ್ಸ್‌ಗೆ ನಿಮ್ಮ ತಿಂಡಿ ಹೆಸರಲ್ಲಿ ಆಸಕ್ತಿ ಇಲ್ಲ. ‘ಸ್ಪೆಷಲ್ ಖಾರಾ’ ಅಂತ ಲೇಬಲ್ ಇದ್ರೂ ಅಷ್ಟೇ, ‘ಕೂರ್ಗ್ ಡಿಲೈಟ್’ ಅಂತ ಇದ್ರೂ ಅಷ್ಟೇ. ಅವ್ರು ಕೇಳೋದು, ಯಾವುದರಿಂದ ಮಾಡಿದ್ದು, ಯಾವ್ದು ಎಷ್ಟು ಪಾಲು, ಬೆಂದಿದ್ದು ಓವನ್‌ನಲ್ಲಾ ಎಣ್ಣೆ ಬಾಣಲೇಲಾ. ಇದಕ್ಕೆ ಉತ್ತರ ಸರಿಯಾಗಿ ಬರೆದಿಟ್ಟಿದ್ರೆ ಕೋಡ್ ತಾನಾಗೇ ಸಿಗುತ್ತೆ. ಉತ್ತರ ಇಲ್ದೆ ಕೋಡ್ ಹುಡುಕೋಕೆ ಹೋದ್ರೆ ಮಾತ್ರ ಎಲ್ಲಾ ಕೋಡೂ ಸರಿ ಅನ್ಸುತ್ತೆ.

ನಂಬರ್ ಬಗ್ಗೆ ಸ್ವಲ್ಪ. ಇದನ್ನ ಹಾರ್ಮೊನೈಸ್ಡ್ ಸಿಸ್ಟಮ್ ಅಂತಾರೆ, ಬ್ರಸೆಲ್ಸ್‌ನಲ್ಲಿರೋ ವರ್ಲ್ಡ್ ಕಸ್ಟಮ್ಸ್ ಆರ್ಗನೈಸೇಶನ್‌ನವ್ರು ನೋಡ್ಕೊಳ್ಳೋದು, 1988ರ ಜನವರಿಯಿಂದ ಜಾರಿಯಲ್ಲಿದೆ, ಅಮೆರಿಕ ಅದನ್ನ ಹಿಡ್ಕೊಂಡಿದ್ದು 1989ರ ಜನವರಿ 1ಕ್ಕೆ. ನಮ್ಮ ಪಿನ್‌ಕೋಡ್ ಇದ್ದಂಗೆ ಅಂದ್ಕೊಳಿ, 571 ಅಂದ್ರೆ ನಮ್ಮ ಸೀಮೆ, 571201 ಅಂದ್ರೆ ಮಡಿಕೇರಿ. ಹಂಗೇ 19 ಅಂದ್ರೆ ಧಾನ್ಯ, ಹಿಟ್ಟು, ಹಾಲಿನಿಂದ ಮಾಡಿದ ಪದಾರ್ಥ ಮತ್ತೆ ಬೇಕರಿ ಮಾಲಿನ ಅಧ್ಯಾಯ, 1905 ಅಂದ್ರೆ ಅದ್ರೊಳಗೆ ಬ್ರೆಡ್, ಪೇಸ್ಟ್ರಿ, ಕೇಕ್, ಬಿಸ್ಕೆಟ್ ಥರದ್ದು, 1905.90 ಅಂದ್ರೆ ಆ ಪೈಕಿ ಬೇರೆ ಎಲ್ಲೂ ಕೂರದೆ ಉಳಿದದ್ದು. ಆರು ಅಂಕಿ ತನಕ ಇಂಡಿಯಾ, ಅಮೆರಿಕ, ಯುರೋಪು ಎಲ್ಲಾ ಕಡೆ ಒಂದೇ ಪಟ್ಟಿ. ಏಳನೇ ಅಂಕಿಯಿಂದ ಅವರವರ ಮನೆ ಲೆಕ್ಕ. ಇಂಡಿಯಾ 8 ಅಂಕಿಗೆ ನಿಲ್ಸುತ್ತೆ, ಅಮೆರಿಕ 10ರ ತನಕ ಹೋಗುತ್ತೆ, ಅದ್ರಲ್ಲೂ ಡ್ಯೂಟಿ ಎಷ್ಟು ಅಂತ ತೀರ್ಮಾನ ಆಗೋದು 8ನೇ ಅಂಕಿಗೆ, ಕೊನೇ ಎರಡು ಅಂಕಿ ಅಂಕಿಅಂಶಕ್ಕೆ ಮಾತ್ರ, ಅದು ಆಗಾಗ ಬದಲಾಗ್ತಿರುತ್ತೆ, ಅದಕ್ಕೇ ಇಲ್ಲಿ ನಾನು 8ರ ತನಕ ಮಾತ್ರ ಬರೀತೀನಿ.

ಈಗ 1905ರ ಒಳಗೆ ಹೋಗೋಣ. ಸಿಹಿ ಬಿಸ್ಕೆಟ್ 1905.31, ವೇಫರ್ 1905.32, ರಸ್ಕ್ ಮತ್ತೆ ಟೋಸ್ಟ್ ಮಾಡಿದ ಬ್ರೆಡ್ ಥರದ್ದು 1905.40. ಈ ಮೂರಕ್ಕೂ ಅಮೆರಿಕದಲ್ಲಿ ಸಾಮಾನ್ಯ ದರ ಸೊನ್ನೆ, ಪಟ್ಟಿಯಲ್ಲಿ ‘ಫ್ರೀ’ ಅಂತ ಬರೆದಿರುತ್ತೆ. ಬೆಳಿಗ್ಗೆ ಕಾಫಿಗೆ ಅದ್ಕೊಂಡು ತಿನ್ನೋ ರಸ್ಕ್ ಬಗ್ಗೆ ತಲೆಕೆಡಿಸ್ಕೋಬೇಡಿ, ಅದರ ಜಾಗ ಸ್ಪಷ್ಟ ಇದೆ. ತಕರಾರು ಬರೋದು ಖಾರದ ಮಾಲಿಗೆ, ಯಾಕಂದ್ರೆ ಖಾರದ್ದಕ್ಕೆ ಬೇರೆ ಮನೆ ಇಲ್ಲ, ಅದು 1905.90ಕ್ಕೇ ಬಂದು ಬೀಳುತ್ತೆ, ಅಮೆರಿಕದವ್ರು ಆ 1905.90ನ ಎರಡು ಸೀಳು ಮಾಡಿದಾರೆ.

ಒಂದು 1905.90.10. ಇದ್ರಲ್ಲಿ ಬ್ರೆಡ್, ಪೇಸ್ಟ್ರಿ, ಕೇಕ್, ಬಿಸ್ಕೆಟ್ ಮತ್ತು ಅದೇ ಥರದ ಬೇಕ್ ಮಾಡಿದ ಪದಾರ್ಥ ಅಂತಿದೆ, ಪುಡ್ಡಿಂಗೂ ಸೇರುತ್ತೆ. ದರ ಫ್ರೀ. ಇನ್ನೊಂದು 1905.90.90, ಅಂದ್ರೆ ಮಿಕ್ಕಿದ್ದೆಲ್ಲ, ದರ 4.5%. ಕಾರ್ನ್ ಚಿಪ್ಸ್ ಮತ್ತೆ ಅದೇ ಥರದ ಕುರುಕಲು ಖಾರದ ತಿಂಡಿಗೆ ಈ ಎರಡನೇದ್ರ ಕೆಳಗೆ ಅಂಕಿಅಂಶಕ್ಕೆ ಅಂತಾನೇ ಒಂದು ಸಾಲು ಮಾಡಿಟ್ಟಿದಾರೆ. ಅಂದ್ರೆ ಒಂದೇ ಬೇಕರಿಯಿಂದ, ಒಂದೇ ಪೆಟ್ಟಿಗೆಯಲ್ಲಿ, ಒಂದೇ ದಿನ ಬಂದ ಎರಡು ಖಾರದ ತಿಂಡಿಗೆ ಎರಡು ದರ. ಭಾವ ಇದನ್ನ ಕೇಳಿ ‘ಅದೇನು ನ್ಯಾಯ’ ಅಂದ್ರು. ನ್ಯಾಯ ಗೀಯ ಬಿಡಿ, ಪಟ್ಟಿಯಲ್ಲಿ ಬರೆದಿರೋದು ಹಂಗೆ.

ಖಾರಾ ಬಿಸ್ಕೆಟ್ ತಗೊಳಿ. ಮೈದಾ, ಡಾಲ್ಡಾ, ಉಪ್ಪು, ಚೂರು ಸಕ್ಕರೆ, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ, ಲಟ್ಟಿಸಿ ಅಚ್ಚಲ್ಲಿ ಕತ್ತರಿಸಿ ಟ್ರೇಲಿ ಜೋಡ್ಸಿ ಓವನ್‌ಗೆ. ಒಂದನ್ನ ತಿರುಗಿಸಿ ನೋಡಿದ್ರೆ ಟ್ರೇ ತಾಗಿದ ಅಡಿಭಾಗ ಕಂದು ತಿರುಗಿರುತ್ತೆ, ಮೇಲ್ಭಾಗ ಬಿಳಚಿಕೊಂಡಿರುತ್ತೆ, ಕರಿಬೇವಿನ ಚೂರು ಒಣಗಿ ಕಪ್ಪಾಗಿರುತ್ತೆ, ಮುರಿದ್ರೆ ಪುಡಿ ಉದುರುತ್ತೆ. ಇದು ಖಾರದ್ದಾದ್ರೂ ಬಿಸ್ಕೆಟ್ಟೇ, ಬೇಕ್ ಮಾಡಿದ್ದೇ. 1905.90.10, ಫ್ರೀ. ಬಿಸ್ಕೆಟ್ ಅಂದ್ರೆ ಸಿಹಿ ಇರ್ಲೇಬೇಕು ಅಂತ ಎಲ್ಲೂ ಇಲ್ಲ, ಸಿಹಿ ಬಿಸ್ಕೆಟ್‌ಗೆ ಬೇರೆ ಜಾಗ ಇದೆ ಅಷ್ಟೇ. ಖಾರಾ ಬನ್ನು, ಖಾರಾ ಬ್ರೆಡ್ಡು, ಒಳಗೆ ಪಲ್ಯ ತುಂಬಿದ ವೆಜ್ ಪಫ್ಸು ಫ್ರೋಜನ್ ಮಾಡಿ ಕಳ್ಸಿದ್ರೂ ಇದೇ ಕಡೆ.

ಕೋಡುಬಳೆ, ಚಕ್ಕುಲಿ, ನಿಪ್ಪಟ್ಟು ಬೇರೆ. ಅಕ್ಕಿ ಹಿಟ್ಟು ಕಲಸಿ ಒತ್ತಿಯೋ ತಟ್ಟಿಯೋ ಎಣ್ಣೇಲಿ ಕರಿಯೋದು. ಹಿಟ್ಟಿನ ಕಣಕ ಕರಿದು ಮಾಡಿದ ಕುರುಕಲು ತಿಂಡಿ 1905ಕ್ಕೇ ಸೇರುತ್ತೆ ಅಂತ ಬ್ರಸೆಲ್ಸ್‌ನವ್ರ ವಿವರಣೆಯಲ್ಲೇ ಇದೆ, ಹಂಗಾಗಿ ಮೊದಲ ನಾಲ್ಕು ಅಂಕಿ ಬಗ್ಗೆ ಜಗಳ ಇಲ್ಲ. ಆದ್ರೆ ಬೇಕ್ ಮಾಡಿಲ್ವಲ್ಲ, ಆದ್ದರಿಂದ 1905.90.10 ಆಗಲ್ಲ, 1905.90.90ಕ್ಕೆ ಹೋಗುತ್ತೆ, 4.5%. ಬಿಳಿ ಪೇಪರ್ ಮೇಲೆ ಒಂದು ಕೋಡುಬಳೆ ಇಟ್ಟು ಸ್ವಲ್ಪ ಹೊತ್ತು ಬಿಡಿ, ಎಣ್ಣೆ ಎಳೆದು ಉಂಗುರದ ಗುರುತು ಬೀಳುತ್ತೆ, ಪೇಪರ್ ಹಿಂದೆ ಬೆರಳು ಹಿಡಿದ್ರೆ ಕಾಣುತ್ತೆ. ಕಸ್ಟಮ್ಸ್‌ಗೆ ತನ್ನದೇ ಲ್ಯಾಬ್ ಇದೆ, ಸ್ಯಾಂಪಲ್ ತಗೊಂಡು ಟೆಸ್ಟ್ ಮಾಡ್ತಾರೆ, ಹಾಗಾಗಿ ಕರಿದಿದ್ದನ್ನ ‘ಬೇಕ್ಡ್’ ಅಂತ ಬರೆದು ತಪ್ಪಿಸ್ಕೊಳ್ಳೋ ಐಡಿಯಾ ಯಾರಾದ್ರೂ ಕೊಟ್ರೆ ಕೇಳ್ಬೇಡಿ, 4.5% ಉಳ್ಸೋಕೆ ಹೋಗಿ ಸುಳ್ಳು ಹೇಳಿಕೆ ಅಂತ ದಂಡ ಬಿದ್ರೆ ಮಾಲಿನ ಬೆಲೆಗಿಂತ ಜಾಸ್ತಿ ಆಗೋ ಸಾಧ್ಯತೆನೂ ಇದೆ.

ಈಗೀಗ ಇನ್ನೊಂದು ಥರ ಬಂದಿದೆ, ‘ಬೇಕ್ಡ್ ಚಕ್ಕುಲಿ’, ‘ಬೇಕ್ಡ್ ನಿಪ್ಪಟ್ಟು’, ಎಣ್ಣೆ ಬೇಡ ಅನ್ನೋ ಜನಕ್ಕೆ ಓವನ್‌ನಲ್ಲಿ ಮಾಡಿದ್ದು. ಇದು ನೋಡಿ ನಿಜವಾದ ಗಡಿ ಕೇಸು. ಬೇಕ್ ಮಾಡಿದ್ರೆ ಸಾಕಲ್ಲ, ಫ್ರೀ ಅಲ್ವಾ ಅಂತೀರಿ. ಆದ್ರೆ ಆ ಸಾಲಲ್ಲಿ ಬರೀ ‘ಬೇಕ್ ಮಾಡಿದ್ದು’ ಅಂತಿಲ್ಲ, ‘ಬ್ರೆಡ್, ಪೇಸ್ಟ್ರಿ, ಕೇಕ್, ಬಿಸ್ಕೆಟ್ ಮತ್ತು ಅದೇ ಥರದ’ ಅಂತಿದೆ. ನಿಮ್ಮ ಬೇಕ್ಡ್ ಚಕ್ಕುಲಿ ಬಿಸ್ಕೆಟ್ ಥರದ್ದಾ, ಇಲ್ಲ ಚಿಪ್ಸ್ ಥರದ ಕುರುಕಲಾ ಅನ್ನೋದು ವಾದಕ್ಕೆ ಬಿಟ್ಟ ವಿಷಯ. ಕ್ರ್ಯಾಕರ್ ಥರ ಇದ್ರೆ ನನ್ನ ಲೆಕ್ಕದಲ್ಲಿ ಮೊದಲನೇದು ಗಟ್ಟಿ, ಚಿಪ್ಸ್ ಥರ ತೆಳ್ಳಗೆ ಮಸಾಲೆ ಉದುರಿಸಿದ್ರೆ ಅಷ್ಟು ಧೈರ್ಯ ಬೇಡ. ಇಂಥದ್ದಕ್ಕೆ ಮುಂಚೇನೇ ರೂಲಿಂಗ್, ಅಂದ್ರೆ ಕೋಡ್ ಇದೇ ಅಂತ ಕಸ್ಟಮ್ಸ್‌ನವ್ರ ಲಿಖಿತ ತೀರ್ಮಾನ, ತಗೊಳ್ಳೋದು ವಾಸಿ, ಅದನ್ನ ಆಮೇಲೆ ಹೇಳ್ತೀನಿ.

ಹಿಟ್ಟಿಂದಲ್ಲದ ತಿಂಡಿಗೆ 1905 ಬೇಡವೇ ಬೇಡ. ನಮ್ಮೂರ ರಸ್ತೆ ಬದಿ ತೆಂಗಿನೆಣ್ಣೇಲಿ ಬಿಸಿಬಿಸಿ ಕರಿದು ಕೊಡೋ ಬಾಳೆಕಾಯಿ ಚಿಪ್ಸ್ ಹಣ್ಣಿನ ತಯಾರಿಕೆ, 2008ರ ಕೆಳಗೆ, ಅಲ್ಲಿ ಬಾಳೆಗೇ ಅಂತ ಒಂದು ಸಾಲಿದೆ, 2008.99.15, ದರ 0.8%. ಹಲಸಿನಕಾಯಿ ಚಿಪ್ಸೂ 2008ರಲ್ಲೇ, ಆದ್ರೆ ಬೇರೆ ಸಾಲು. ಆಲೂ ಹೋಳು ಮಾಡಿ ಕರಿದ ಚಿಪ್ಸ್ 2005.20, 6.4%. ಪುರಿಗೆ ಒಗ್ಗರಣೆ ಹಾಕಿ ಪ್ಯಾಕ್ ಮಾಡಿದ ಖಾರಾಪುರಿ 1904.10, ಯಾಕಂದ್ರೆ ಅದು ಧಾನ್ಯವನ್ನ ಉಬ್ಬಿಸಿ ಮಾಡಿದ್ದು, ದರ 1.1%.

ಕಡ್ಲೆಬೀಜದ ವಿಷಯದಲ್ಲಿ ಮಾತ್ರ ಹುಷಾರು. ಬೇಕರಿಯಲ್ಲಿ ‘ಕಾಂಗ್ರೆಸ್’ ಅಂತ ಸಿಗುತ್ತಲ್ಲ, ಸಿಪ್ಪೆ ತೆಗೆದು ಬೇಳೆ ಮಾಡಿ ಹುರಿದು ಖಾರ ಅರಿಶಿನ ಕರಿಬೇವು ಹಚ್ಚಿದ್ದು, ಅದು 2008.11. ಅಮೆರಿಕದಲ್ಲಿ ಕಡ್ಲೆಕಾಯಿ ಬೆಳೆಯೋರು, ಅದರಲ್ಲೂ ಜಾರ್ಜಿಯಾ ಕಡೆಯವ್ರು, ಹೊರಗಿನ ಮಾಲು ಜಾಸ್ತಿ ಬರದಂಗೆ ಕೋಟಾ ಕಾಪಾಡ್ಕೊಂಡಿದಾರೆ. ಕೋಟಾದೊಳಗೆ ಸಿಕ್ರೆ ಕಿಲೋಗೆ ಇಷ್ಟು ಸೆಂಟ್ ಅಂತ ಸಣ್ಣ ಡ್ಯೂಟಿ, ಕೋಟಾ ಮುಗಿದಿದ್ರೆ 131.8%. ಹೌದು, ಬೆಲೆಗಿಂತ ಡ್ಯೂಟಿ ಜಾಸ್ತಿ. ಸಾವಿರ ಡಾಲರ್ ಬಿಲ್‌ಗೆ ಲೆಕ್ಕ ಹಾಕಿ ನೋಡಿ: ಖಾರಾ ಬಿಸ್ಕೆಟ್‌ಗೆ ಸೊನ್ನೆ, ಚಕ್ಕುಲಿಗೆ 45 ಡಾಲರ್, ಆಲೂ ಚಿಪ್ಸ್‌ಗೆ 64 ಡಾಲರ್, ಕೋಟಾ ದಾಟಿದ ಕಾಂಗ್ರೆಸ್‌ಗೆ 1,318 ಡಾಲರ್. ಹಂಗಾಗಿ ಕಾಂಗ್ರೆಸ್ ಊರಲ್ಲೇ ತಿನ್ಕೊಂಡು ಹೋಗಿ.

ಮಿಕ್ಸ್ಚರ್ ತಲೆನೋವು ಇಲ್ಲಿಂದಾನೇ ಶುರು. ಸೇವೆ, ಕಡ್ಲೆಬೀಜ, ಹುರಿಗಡಲೆ, ಅವಲಕ್ಕಿ, ಕರಿಬೇವು ಎಲ್ಲಾ ಒಂದೇ ಪ್ಯಾಕೆಟ್. ಇಂಥದ್ದಕ್ಕೆ ವರ್ಗೀಕರಣದ ಸಾಮಾನ್ಯ ನಿಯಮ ಅಂತ 6 ಇದಾವೆ, ಒಂದಾದ ಮೇಲೊಂದು ನೋಡ್ಕೊಂಡು ಹೋಗ್ಬೇಕು. ಮೊದಲನೇದು, ಪಟ್ಟಿಯಲ್ಲಿ ಬರೆದ ಮಾತು ಮತ್ತೆ ಅಧ್ಯಾಯದ ಟಿಪ್ಪಣಿ ಏನು ಹೇಳುತ್ತೋ ಅದೇ. ಅಲ್ಲಿ ತೀರ್ಮಾನ ಆಗ್ಲಿಲ್ಲ ಅಂದ್ರೆ ಮಾತ್ರ ಮುಂದೆ, ಮೂರನೇ ನಿಯಮದಲ್ಲಿ ಬೆರಕೆ ಮಾಲಿಗೆ ಅದರ ಮುಖ್ಯ ಗುಣ ಯಾವುದರಿಂದ ಬಂತು ಅಂತ ನೋಡೋದು. ಮಿಕ್ಸ್ಚರ್‌ನಲ್ಲಿ ತೂಕ ಯಾವುದು ಜಾಸ್ತಿ, ಬೆಲೆ ಯಾವುದಕ್ಕೆ ಜಾಸ್ತಿ, ತಿನ್ನೋನು ಯಾವುದಕ್ಕೋಸ್ಕರ ಕೊಳ್ತಾನೆ, ಇದೆಲ್ಲ ನೋಡ್ತಾರೆ. ಸೇವೆ ಮುಕ್ಕಾಲು ಪಾಲು ಇದ್ರೆ ಒಂದು ಉತ್ತರ, ಕಡ್ಲೆಬೀಜ ಅರ್ಧ ತುಂಬಿದ್ರೆ ಇನ್ನೊಂದು ಉತ್ತರ, ಯಾವುದೂ ಎದ್ದು ಕಾಣದಿದ್ರೆ ಮತ್ತೊಂದು. ‘ಮಿಕ್ಸ್ಚರ್‌ಗೆ ಯಾವ ಕೋಡ್ ಹೇಳಿ’ ಅಂತ ಕೇಳೋರಿಗೆ ನಾನು ವಾಪಸ್ ಕೇಳೋದು ಅದಕ್ಕೇ, ನಿಮ್ಮ ಪ್ಯಾಕೆಟ್ಟಲ್ಲಿ ಏನೇನು ಎಷ್ಟೆಷ್ಟಿದೆ?

ಚಿಕನ್ ಪಫ್ಸ್ ಕೇಳೋರೂ ಇದಾರೆ. 19ನೇ ಅಧ್ಯಾಯದ ಟಿಪ್ಪಣಿಯಲ್ಲೇ ಇದೆ, ತೂಕದಲ್ಲಿ 20%ಗಿಂತ ಜಾಸ್ತಿ ಮಾಂಸವೋ ಮೀನೋ ಇದ್ರೆ ಅದು ಬೇಕರಿ ಮಾಲಲ್ಲ, 16ನೇ ಅಧ್ಯಾಯಕ್ಕೆ ಹೋಗುತ್ತೆ ಅಂತ. ಆದ್ರೆ ಕೋಡ್ ಹುಡುಕೋ ಶ್ರಮನೇ ಬೇಡ, ಇಂಡಿಯಾದಿಂದ ಮಾಂಸ ಹಾಕಿದ ತಿಂಡಿ ಕಳಿಸೋ ಯೋಚನೆ ಬಿಟ್ಬಿಡಿ.

ಈಗ ಇಂಡಿಯಾ ಕೋಡ್ ವಿಷಯ, ಎಲ್ಲಕ್ಕಿಂತ ಜಾಸ್ತಿ ಗೊಂದಲ ಇದರಿಂದಾನೇ. ಇಲ್ಲಿ ಬೇಕರಿಯವ್ರ ಹತ್ರ ಇರೋ ಕೋಡು ಜಿಎಸ್‌ಟಿಗೆ ಅಂತ ಅವ್ರ ಆಡಿಟರ್ ಬರ್ಕೊಟ್ಟಿದ್ದು. ಇಂಡಿಯಾದ ಪಟ್ಟಿಯಲ್ಲಿ ನಮ್ಕೀನ್, ಭುಜಿಯಾ, ಮಿಕ್ಸ್ಚರ್ ಎಲ್ಲಾ 2106 90ರ ಕೆಳಗೆ ಕೂತಿದೆ, ಹಪ್ಪಳಕ್ಕೆ 1905 90 40 ಅಂತ ಬೇರೇನೇ ಸಾಲಿದೆ, ಉಬ್ಬಿಸಿ ಮಾಡೋ ಖಾರದ ಕುರುಕಲಿಗೆ 1905 90 30. ಇವೆಲ್ಲ ಇಂಡಿಯಾದ ಮನೆ ಲೆಕ್ಕ. ಚಕ್ಕುಲಿ ಬಿಲ್ ಮೇಲೆ ಇಲ್ಲಿ 2106 ಅಂತ ಇದ್ರೆ ಕೊರಿಯರ್‌ನವ್ರು ಅದನ್ನೇ ಎತ್ತಿ ಅಮೆರಿಕದ 2106.90ರ ಕೊನೆಗಿರೋ ‘ಇತರೆ’ ಸಾಲಿಗೆ ಹಾಕ್ತಾರೆ, ಅಲ್ಲಿ ದರ 6.4%. 4.5 ಕೊಡೋ ಜಾಗದಲ್ಲಿ 6.4 ಕೊಟ್ರಿ. ಖಾರಾ ಬಿಸ್ಕೆಟ್‌ಗೂ ಅದೇ ಕೋಡ್ ಹಾಕಿದ್ರೆ ಸೊನ್ನೆ ಜಾಗದಲ್ಲಿ 6.4. ಇಂಡಿಯಾದ ಕೋಡು ಅಮೆರಿಕದ ಆಫೀಸರ್‌ನ ಕಟ್ಟಿ ಹಾಕಲ್ಲ, ಅವ್ರ ಪಟ್ಟಿ ಅವ್ರು ಅವ್ರ ಥರಾನೇ ಓದ್ತಾರೆ, ಕೊರಿಯರ್‌ನವ್ರಿಗೂ ಓದಿ ಹೇಳೋ ವ್ಯವಧಾನ ಇರಲ್ಲ.

ಗಿಫ್ಟ್ ಬಾಕ್ಸ್ ಬಗ್ಗೆನೂ ಹೇಳ್ಬೇಕು, ಮಡಿಕೇರಿ ಅಂಗಡಿಗಳಲ್ಲಿ ಸಿಗುತ್ತಲ್ಲ, ಕಾಫಿ ಪುಡಿ, ಜೇನು, ಕರಿಮೆಣಸು, ಜೊತೆಗೊಂದು ಬಿಸ್ಕೆಟ್ ಪ್ಯಾಕೆಟ್. ಇದನ್ನ ‘ಸೆಟ್’ ಅಂತ ಒಂದೇ ಕೋಡಲ್ಲಿ ಹಾಕ್ಬಹುದಾ ಅಂತ ಕೇಳ್ತಾರೆ. ಆಗಲ್ಲ. ಸೆಟ್ ಅಂತ ಆಗ್ಬೇಕಾದ್ರೆ ಒಳಗಿರೋ ವಸ್ತು ಎಲ್ಲಾ ಸೇರಿ ಒಂದೇ ಕೆಲಸಕ್ಕೆ ಬರ್ಬೇಕು. ಸೀಗಡಿ ಡಬ್ಬಿ, ಚೀಸ್ ಡಬ್ಬಿ, ಬೇಕನ್ ಡಬ್ಬಿ ಒಟ್ಟಿಗೆ ಇಟ್ಟ ಪೆಟ್ಟಿಗೆ ಸೆಟ್ ಅಲ್ಲ, ಒಂದೊಂದಕ್ಕೆ ಬೇರೆ ಬೇರೆ ಕೋಡ್ ಹಾಕಿ ಅಂತ ಬ್ರಸೆಲ್ಸ್‌ನವ್ರ ವಿವರಣೆಯಲ್ಲೇ ಉದಾಹರಣೆ ಕೊಟ್ಟಿದಾರೆ. ನಮ್ಮ ಕೊಡಗು ಬಾಕ್ಸೂ ಹಂಗೇ. ಜೇನು 0409, ಕಿಲೋಗೆ 1.9 ಸೆಂಟ್. ಕರಿಮೆಣಸು 0904, ಫ್ರೀ. ಹುರಿದ ಕಾಫಿ 0901.21, ಫ್ರೀ. ಹಾಂ, ಕಾಫಿ ಪುಡಿಗೆ ಚಿಕೋರಿ ಬೆರೆಸಿದ್ರೆ ಅದು ಕಾಫಿಯ ಬದಲಿ ಪದಾರ್ಥ ಅನ್ನೋ ಬೇರೆ ಸಾಲಿಗೆ, 0901.90.20ಕ್ಕೆ ಹೋಗುತ್ತೆ, ಅದಕ್ಕೆ ಕಿಲೋಗೆ ಒಂದೂವರೆ ಸೆಂಟ್ ಡ್ಯೂಟಿ. ದುಡ್ಡೇನು ದೊಡ್ಡದಲ್ಲ, ಆದ್ರೆ ನಮ್ಮ ಮನೆ ಕಾಫಿಯನ್ನ ಕಾಫಿ ಬದಲಿ ಅಂತ ಕರೆದ್ರೆ ಚಿಕ್ಕಪ್ಪನಿಗೆ ಬೇಜಾರಾಗುತ್ತೆ.

ಪಟ್ಟಿ ನೋಡೋದು ಹೇಗೆ? ಅಮೆರಿಕದ ಇಂಟರ್‌ನ್ಯಾಷನಲ್ ಟ್ರೇಡ್ ಕಮಿಷನ್ ಅದನ್ನ ಆನ್‌ಲೈನಲ್ಲಿ ಪುಕ್ಕಟೆ ಹಾಕಿದೆ, ಹುಡುಕೋ ಬಾಕ್ಸಲ್ಲಿ 1905 ಅಂತ ಹೊಡೆದ್ರೆ ಸಾಕು. ಪಟ್ಟಿಗಿಂತ ಉಪಯೋಗಕ್ಕೆ ಬರೋದು ಕಸ್ಟಮ್ಸ್‌ನವ್ರ ರೂಲಿಂಗ್ ಸಂಗ್ರಹ, ‘ಕ್ರಾಸ್’ ಅಂತ ಹೆಸರು, ಅದೂ ಪುಕ್ಕಟೆ. ಯಾರೋ ಇಂಪೋರ್ಟರ್ ಮುಂಚೆ ಕೇಳಿದ್ದು, ಆಫೀಸರ್ ಕೊಟ್ಟ ಉತ್ತರ, ಎಲ್ಲಾ ಅದ್ರಲ್ಲಿ ಸಿಗುತ್ತೆ. ಇಂಡಿಯಾದ ಖಾರದ ತಿಂಡಿ ಬಗ್ಗೇನೇ ಬೇಕಾದಷ್ಟು ಇದಾವೆ. ಓದುವಾಗ ಕೊನೇಲಿರೋ ಕೋಡನ್ನ ಮಾತ್ರ ನೋಡ್ಬೇಡಿ, ಮೇಲೆ ತಿಂಡಿ ವರ್ಣನೆ ಇರೋ ಪ್ಯಾರಾ ಓದಿ, ಇಷ್ಟು ಪರ್ಸೆಂಟ್ ಹಿಟ್ಟು, ಇಷ್ಟು ಪರ್ಸೆಂಟ್ ಎಣ್ಣೆ, ಕರಿದು ತಣಿಸಿ ಪ್ಯಾಕ್ ಮಾಡಿದ್ದು ಅಂತ ಬರೆದಿರ್ತಾರೆ. ನಿಮ್ಮದು ಅದಕ್ಕೆ ಹೊಂದುತ್ತಾ ಅನ್ನೋದೇ ಮುಖ್ಯ.

ಹೊಂದೋದು ಸಿಗ್ಲಿಲ್ಲ, ಅಥವಾ ಆ ಬೇಕ್ಡ್ ಚಕ್ಕುಲಿ ಥರ ಅನುಮಾನ ಇದೆ ಅಂದ್ರೆ ನೀವೇ ರೂಲಿಂಗ್ ಕೇಳ್ಬಹುದು. ಆನ್‌ಲೈನ್ ಅರ್ಜಿ, ಫೀಸ್ ಇಲ್ಲ, ಲಾಯರ್ ಬೇಕು ಅಂತೇನಿಲ್ಲ. ನ್ಯೂಯಾರ್ಕ್‌ನಲ್ಲಿರೋ ಕಸ್ಟಮ್ಸ್ ಸ್ಪೆಷಲಿಸ್ಟ್‌ಗಳು ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡ್ತಾರೆ, ಕ್ಲಿಷ್ಟ ಇದ್ರೆ ವಾಷಿಂಗ್ಟನ್‌ಗೆ ಕಳಿಸ್ತಾರೆ, ಆಗ ತಡ ಆಗುತ್ತೆ. ಬಂದ ಉತ್ತರ ಅಮೆರಿಕದ ಯಾವ ಪೋರ್ಟಲ್ಲಿ ಇಳಿಸಿದ್ರೂ ನಡೆಯುತ್ತೆ. ಒಂದು ಷರತ್ತು, ಮುಂದೆ ತರಿಸೋ ಮಾಲಿನ ಬಗ್ಗೆ ಮಾತ್ರ ಕೇಳ್ಬೇಕು, ಈಗಾಗ್ಲೇ ಪೋರ್ಟಲ್ಲಿ ನಿಂತ ಪೆಟ್ಟಿಗೆ ಬಗ್ಗೆ ಅಲ್ಲ.

ಅರ್ಜಿಯಲ್ಲಿ ಎಲ್ಲರೂ ಮುಗ್ಗರಿಸೋದು ಒಂದೇ ಕಡೆ, ಪದಾರ್ಥಗಳ ಪಟ್ಟಿ. ಭಾವನ ಹತ್ರ ಖಾರಾ ಬಿಸ್ಕೆಟ್‌ದು ಬರ್ಕೊಡಿ ಅಂದೆ. ಬಿಲ್ ಪುಸ್ತಕದ ಹಿಂದಿನ ಹಾಳೆ ಹರಿದು ಬರೆದಿದ್ದು ಹೀಗೆ: ಮೈದಾ ಒಂದು ಮೂಟೆ, ಡಾಲ್ಡಾ ಒಂದು ಡಬ್ಬಕ್ಕೆ ಸ್ವಲ್ಪ ಕಮ್ಮಿ, ಉಪ್ಪು ಎರಡು ಹಿಡಿ, ಸೋಡಾ ಚಿಟಿಕೆ, ಹಸಿಮೆಣಸಿನಕಾಯಿ ಕೈಯಂದಾಜು, ಕರಿಬೇವು ಮನಸ್ಸಿಗೆ ಬಂದಷ್ಟು. ನ್ಯೂಯಾರ್ಕ್‌ನ ಆಫೀಸರ್‌ಗೆ ಬೇಕಾಗಿರೋದು ತೂಕದ ಪರ್ಸೆಂಟು, ಎಲ್ಲಾ ಕೂಡಿದ್ರೆ 100 ಆಗ್ಬೇಕು. ‘ಅಲ್ಲ ಕಣಯ್ಯಾ, ಮೆಣಸಿನಕಾಯಿ ಒಂದು ಸಲ ಖಾರ ಇರುತ್ತೆ ಒಂದು ಸಲ ಇರಲ್ಲ, ಹೆಂಗೆ ತೂಕ ಮಾಡೋದು’ ಅಂದ್ರು. ಅವ್ರು ಹೇಳೋದೂ ಸರಿನೇ. ಕೊನೆಗೆ ಹಿಟ್ಟು ಕಲಸೋ ಹುಡುಗನ್ನ ಪಕ್ಕದಲ್ಲಿ ನಿಲ್ಸಿ, ಎಲೆಕ್ಟ್ರಾನಿಕ್ ತಕ್ಕಡಿ ಮೇಲೆ ಒಂದೊಂದೇ ಹಾಕಿಸಿ ಬರ್ಕೊಂಡ್ವಿ. ಕರಿಬೇವು 1%ಗಿಂತ ಕಮ್ಮಿ ಬಂತು, ಭಾವನಿಗೆ ಆಶ್ಚರ್ಯ. ಅದರ ಕೆಳಗೆ ಮಾಡೋ ವಿಧಾನ, ಯಾವ ಓವನ್ನು, ಎಷ್ಟು ಡಿಗ್ರಿಯಲ್ಲಿ ಎಷ್ಟು ಹೊತ್ತು, ಬೆಂದ ಮೇಲೆ ಎಣ್ಣೆ ಸಿಂಪಡಿಸ್ತಾರಾ, ಪ್ಯಾಕೆಟ್ ತೂಕ ಎಷ್ಟು, ಚಿಲ್ಲರೆಗಾ ಸಗಟಿಗಾ. ಈ ಒಂದು ಹಾಳೆ ಇದ್ರೆ ರೂಲಿಂಗ್‌ಗೂ ಆಗುತ್ತೆ, ಇನ್‌ವಾಯ್ಸ್‌ಗೂ ಆಗುತ್ತೆ, ಲೇಬಲ್‌ಗೂ ಆಗುತ್ತೆ.

ಇನ್‌ವಾಯ್ಸ್ ಇಂಗ್ಲಿಷಲ್ಲಿ ಇರ್ಬೇಕು. ‘ಖಾರಾ 40 ಕೆಜಿ’ ಅಂತ ಬರೆದ್ರೆ ಯಾರಿಗೆ ಏನು ಅರ್ಥ ಆಗುತ್ತೆ? ‘ಬೇಕ್ಡ್ ಸೇವರಿ ಬಿಸ್ಕೆಟ್ಸ್, ವೀಟ್ ಫ್ಲೋರ್, ನಾಟ್ ಫ್ರೈಡ್’ ಅಂತ ಬಿಡಿಸಿ ಬರೀರಿ, ಪಕ್ಕದಲ್ಲಿ ಬೇಕಾದ್ರೆ ಖಾರಾ ಬಿಸ್ಕೆಟ್ ಅಂತ ಇರ್ಲಿ. ಕರಿದಿದ್ದು ಮತ್ತೆ ಬೇಕ್ ಮಾಡಿದ್ದನ್ನ ಬೇರೆ ಬೇರೆ ಸಾಲಲ್ಲಿ, ಬೇರೆ ಬೇರೆ ಬೆಲೆಯಲ್ಲಿ ತೋರ್ಸಿ. ಅಮೆರಿಕದವ್ರು ಪರ್ಸೆಂಟ್ ಲೆಕ್ಕದ ಡ್ಯೂಟಿ ಹಾಕೋದು ಮಾಲಿನ ಬೆಲೆ ಮೇಲೆ, ಅಲ್ಲಿಗೆ ತಲುಪೋ ವಿಮಾನದ್ದೋ ಹಡಗಿಂದೋ ಬಾಡಿಗೆ ಅದ್ರಲ್ಲಿ ಸೇರ್ಬೇಕಿಲ್ಲ, ಹಾಗಾಗಿ ಬಾಡಿಗೆನೂ ಬಿಲ್ಲಲ್ಲಿ ಬೇರೆ ತೋರ್ಸಿದ್ರೆ ಒಳ್ಳೇದು. ಪ್ರತಿ ಪ್ಯಾಕೆಟ್ ಮೇಲೂ ಇಂಡಿಯಾದಲ್ಲಿ ತಯಾರಾದದ್ದು ಅಂತ ಇಂಗ್ಲಿಷಲ್ಲಿ ಕಾಣೋ ಹಂಗೆ ಇರ್ಬೇಕು.

ಫ್ರೀ ಅಂತ ಇದ್ಮೇಲೆ ಒಂದು ರೂಪಾಯಿನೂ ಕೊಡೋದು ಬೇಡ್ವಾ ಅಂದ್ರೆ, ಅಷ್ಟು ಸುಲಭ ಇಲ್ಲ. ನಾನು ಇಷ್ಟೊತ್ತು ಹೇಳಿದ್ದು ಸಾಮಾನ್ಯ ದರ. ಅದ್ರ ಮೇಲೆ 99ನೇ ಅಧ್ಯಾಯ ಅಂತ ಒಂದಿದೆ, ತಾತ್ಕಾಲಿಕ ಹೆಚ್ಚುವರಿ ಸುಂಕ ಎಲ್ಲಾ ಅಲ್ಲಿ ಬರುತ್ತೆ. 2025ರಲ್ಲಿ ಇಂಡಿಯಾ ಮಾಲಿನ ಮೇಲೆ ಆಗಸ್ಟ್ ಮೊದಲ ವಾರದಲ್ಲಿ 25%, ಆಗಸ್ಟ್ 27ರಿಂದ ಇನ್ನೂ 25% ಬಿತ್ತಲ್ಲ, ಅದು ಬಿದ್ದಿದ್ದು ಹೀಗೇ, ಖಾರಾ ಬಿಸ್ಕೆಟ್‌ನ ಸಾಮಾನ್ಯ ದರ ಸೊನ್ನೆನೇ ಇತ್ತು, ಮೇಲಿನದು ಸೇರಿ ಕೈ ಸುಡ್ತು. ಈ ಹೆಚ್ಚುವರಿ ಸುಂಕ ರಾಜಕೀಯದ ಮೇಲೆ ನಿಂತಿರೋದು, ಹಾಗಾಗಿ ಮಾಲು ಹೊರಡೋ ವಾರ ಆ ಹೊತ್ತಿನ ಪಟ್ಟಿಯನ್ನೇ ನೋಡ್ಬೇಕು, ಹೋದ ವರ್ಷ ಯಾರೋ ಇಷ್ಟು ಕೊಟ್ರು ಅನ್ನೋ ಲೆಕ್ಕ ನಡೆಯಲ್ಲ. ಯಾವ ಮಾಲಿಗೆ ವಿನಾಯಿತಿ ಅನ್ನೋದನ್ನೂ ಕೋಡ್ ಹಿಡಿದೇ ಬರೆದಿರ್ತಾರೆ, ಅದಕ್ಕೂ ಕೋಡ್ ಸರಿ ಇರ್ಬೇಕು. ಜೊತೆಗೆ ಪ್ರೊಸೆಸಿಂಗ್ ಫೀಸ್, ದೊಡ್ಡ ಎಂಟ್ರಿಗೆ (ಎಂಟ್ರಿ ಅಂದ್ರೆ ಮಾಲು ಬಿಡಿಸ್ಕೊಳ್ಳೋಕೆ ಕಸ್ಟಮ್ಸ್‌ಗೆ ಹಾಕೋ ದಾಖಲೆ) ಬೆಲೆಯ 0.3464%, ಅದಕ್ಕೊಂದು ಕನಿಷ್ಠ ಗರಿಷ್ಠ ಇದೆ, ಹಡಗಲ್ಲಿ ಬಂದ್ರೆ ಬಂದರಿನ ಫೀಸ್ 0.125%. 2,500 ಡಾಲರ್ ಒಳಗಿದ್ರೆ ಸಾಮಾನ್ಯವಾಗಿ ಸರಳ ಎಂಟ್ರಿ ಸಾಕು, ಮೇಲಾದ್ರೆ ಬಾಂಡ್, ಅಂದ್ರೆ ಡ್ಯೂಟಿ ಕಟ್ತೀವಿ ಅನ್ನೋದಕ್ಕೆ ಖಾತರಿ ಪತ್ರ, ಎಲ್ಲಾ ಬೇಕು, ಬ್ರೋಕರ್ ಹಿಡ್ಕೊಳಿ.

ಮುಂಚೆ 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಡ್ಯೂಟಿನೇ ಇರ್ಲಿಲ್ಲ, ಎಲ್ಲರೂ ಅದ್ರಲ್ಲೇ ತರಿಸ್ತಿದ್ರು, ಕೋಡ್ ಏನು ಅಂತ ಯಾರೂ ಕೇಳ್ತಿರ್ಲಿಲ್ಲ. 2025ರ ಆಗಸ್ಟ್ 29ಕ್ಕೆ ಆ ವಿನಾಯಿತಿ ನಿಲ್ಸಿದ್ರು. ಅದೇ ಹೊತ್ತಲ್ಲಿ ಇಂಡಿಯಾ ಪೋಸ್ಟು ಅಮೆರಿಕಕ್ಕೆ ಪಾರ್ಸೆಲ್ ಬುಕಿಂಗನ್ನೇ ಕೆಲ ಕಾಲ ನಿಲ್ಸಿತ್ತು, ಅಕ್ಟೋಬರಲ್ಲಿ ಮತ್ತೆ ಶುರು ಮಾಡ್ತು. ಮನೆಯಿಂದ ಅಮ್ಮ ಕಳ್ಸೋ ಸಣ್ಣ ಡಬ್ಬಿಗೂ ಈಗ ಕೋಡಿನ ಮಾತು ಬಂದಿರೋದು ಈ ಬದಲಾವಣೆಯಿಂದ.

ಡ್ಯೂಟಿ ಕಟ್ಟಿದ್ರೆ ಮುಗೀಲಿಲ್ಲ, ತಿಂಡಿ ಆದ್ದರಿಂದ ಎಫ್‌ಡಿಎ ಇದೆ, ಅಂದ್ರೆ ಅಮೆರಿಕದಲ್ಲಿ ಆಹಾರ, ಔಷಧಿ ನೋಡ್ಕೊಳ್ಳೋ ಇಲಾಖೆ. ಮಾರೋಕೆ ಅಂತ ಕಳ್ಸೋ ಬೇಕರಿ ಎಫ್‌ಡಿಎದಲ್ಲಿ ರಿಜಿಸ್ಟರ್ ಆಗಿರ್ಬೇಕು, ಅಮೆರಿಕದಲ್ಲಿ ಒಬ್ಬ ಏಜೆಂಟ್ ಹೆಸರು ಕೊಡ್ಬೇಕು, ಸರಿಸಂಖ್ಯೆ ವರ್ಷಗಳ ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ರಿನ್ಯೂ ಮಾಡಿಸ್ಬೇಕು, ಇಲ್ಲಾಂದ್ರೆ ರದ್ದು. ಮಾಲು ಬರೋಕೆ ಮುಂಚೆ ಪ್ರಯರ್ ನೋಟಿಸ್, ಅಂದ್ರೆ ಇಂಥ ತಿಂಡಿ ಬರ್ತಿದೆ ಅಂತ ಮುಂಗಡ ತಿಳಿವಳಿಕೆ, ಹಾಕ್ಬೇಕು, ವಿಮಾನದಲ್ಲಾದ್ರೆ ಇಳಿಯೋಕೆ 4 ಗಂಟೆ ಮುಂಚೆ, ಹಡಗಾದ್ರೆ 8 ಗಂಟೆ. ಮನೆಯಲ್ಲಿ ಕೈಯಾರೆ ಮಾಡಿ ಸ್ವಂತದವ್ರಿಗೆ ಗಿಫ್ಟ್ ಅಂತ ಕಳ್ಸೋ ತಿಂಡಿಗೆ ಈ ನೋಟಿಸ್ ಬೇಡ. ಆದ್ರೆ ಅಂಗಡಿಯಲ್ಲಿ ಕೊಂಡಿದ್ದನ್ನ ಮನೇಲಿ ಮಾಡಿದ್ದು ಅಂತ ಬರೀಬೇಡಿ, ಪ್ಯಾಕೆಟ್ ಮೇಲೆ ಬೇಕರಿ ಹೆಸರು ಇಟ್ಕೊಂಡು ಆ ಸುಳ್ಳು ನಿಲ್ಲಲ್ಲ. ಲೇಬಲ್‌ನಲ್ಲಿ ಅಲರ್ಜಿ ಪದಾರ್ಥ ಬರೆಯೋದು ಕಡ್ಡಾಯ, 2023ರ ಜನವರಿ 1ರಿಂದ ಎಳ್ಳೂ ಆ ಪಟ್ಟಿಗೆ ಸೇರಿದೆ. ಚಕ್ಕುಲಿಗೆ ಎಳ್ಳು ಹಾಕ್ತೀವಲ್ಲ, ಅದು ಲೇಬಲ್ ಮೇಲೆ ಇಲ್ಲಾಂದ್ರೆ ಮಾಲು ವಾಪಸ್. ಗೋಧಿ, ಹಾಲು, ಕಡ್ಲೆಕಾಯಿ ಮೊದ್ಲಿಂದ್ಲೂ ಇದಾವೆ.

ಸೂಟ್‌ಕೇಸಲ್ಲಿ ತರೋರಿಗೆ ಎರಡು ಮಾತು. ಸ್ವಂತಕ್ಕೆ ಅಂತ ತರೋ ಬಿಸ್ಕೆಟ್, ರಸ್ಕ್, ಚಕ್ಕುಲಿ ಸಾಮಾನ್ಯವಾಗಿ ಬಿಡ್ತಾರೆ, ಆದ್ರೆ ತಿಂಡಿ ಇದೆ ಅಂತ ಡಿಕ್ಲೇರ್ ಮಾಡ್ಲೇಬೇಕು, ಹೇಳಿದ್ರೆ ತೊಂದ್ರೆ ಇಲ್ಲ, ಮುಚ್ಚಿಟ್ರೆ ದಂಡ. ಹಂದಿ ಮಾಂಸದ ಉಪ್ಪಿನಕಾಯಿ ಬೇಡ, ಎಷ್ಟೇ ಚೆನ್ನಾಗಿ ಸೀಲ್ ಮಾಡಿದ್ರೂ ಕಸದ ಬುಟ್ಟಿಗೆ. ಕಿತ್ತಳೆ ಬೇಡ. ಅಕ್ಕಿನೂ ಬೇಡ, ಖಪ್ರಾ ಅನ್ನೋ ಹುಳದ ಭಯಕ್ಕೆ ಇಂಡಿಯಾದಿಂದ ಬ್ಯಾಗಲ್ಲಿ ಅಕ್ಕಿ ತರೋದನ್ನ ನಿಲ್ಸಿದಾರೆ, ಕಡಂಬುಟ್ಟಿಗೆ ಅಲ್ಲೇ ಸಿಗೋ ತರಿಯಲ್ಲಿ ಅಡ್ಜಸ್ಟ್ ಮಾಡ್ಕೊಳಿ.

ಕೂಟದ ಹೆಸರಲ್ಲಿ ತರಿಸೋರು ಒಂದು ವಿಷಯ ಮೊದ್ಲೇ ಮಾತಾಡ್ಕೊಳಿ, ಇಂಪೋರ್ಟರ್ ಆಫ್ ರೆಕಾರ್ಡ್, ಅಂದ್ರೆ ಕಾಗದದ ಮೇಲೆ ಮಾಲು ತರಿಸ್ಕೊಂಡೋರು, ಯಾರು? ಪಾಪ ಖಜಾಂಚಿ ಹೆಸರು ಹಾಕಿ ಸುಮ್ನಾಗ್ತಾರೆ. ಕೋಡ್ ಸರಿ ಹಾಕೋ ಜವಾಬ್ದಾರಿ ಕಾನೂನು ಪ್ರಕಾರ ಇಂಪೋರ್ಟರ್‌ದು, ಬ್ರೋಕರ್ ಹಾಕಿದ್ದು ನನಗೇನು ಗೊತ್ತು ಅಂದ್ರೆ ಕೇಳಲ್ಲ. ಪೆಟ್ಟಿಗೆ ಬಿಡುಗಡೆ ಆಗಿ ತಿಂಡಿ ತಿಂದು ಮುಗಿಸಿದ್ಮೇಲೂ ಫೈಲ್ ತೆರೆದೇ ಇರುತ್ತೆ, ಕಸ್ಟಮ್ಸ್‌ನವ್ರು ಅಂತಿಮ ಲೆಕ್ಕ ಮಾಡೋಕೆ ಸಾಮಾನ್ಯವಾಗಿ 314 ದಿನ ತಗೋತಾರೆ. ಈ ಮಧ್ಯೆ ಫಾರ್ಮ್ 28 ಅಂತ ಒಂದು ಬಂದ್ರೆ ಗಾಬರಿ ಬೇಡ, ಅದು ಮಾಹಿತಿ ಕೇಳೋ ಪತ್ರ, 30 ದಿನದಲ್ಲಿ ಉತ್ತರ ಕೊಡ್ಬೇಕು, ತಕ್ಕಡಿ ಹಾಕಿ ಬರೆದ ಆ ಹಾಳೆ ಕಳ್ಸಿದ್ರೆ ಬಹುತೇಕ ಅಲ್ಲಿಗೇ ನಿಲ್ಲುತ್ತೆ. ಫಾರ್ಮ್ 29 ಬಂತು ಅಂದ್ರೆ ಕೋಡ್ ಬದಲಾಯಿಸ್ತಿದೀವಿ ಅಥವಾ ಬದಲಾಯಿಸಿದೀವಿ ಅಂತ. ಒಪ್ಪಿಗೆ ಇಲ್ಲದಿದ್ರೆ ಅಂತಿಮ ಲೆಕ್ಕ ಆದ ದಿನದಿಂದ 180 ದಿನದೊಳಗೆ ಪ್ರೊಟೆಸ್ಟ್, ಅಂದ್ರೆ ಆಕ್ಷೇಪಣೆ, ಹಾಕ್ಬಹುದು, ಜಾಸ್ತಿ ಕಟ್ಟಿದ್ರೆ ವಾಪಸ್ ಬರೋದೂ ಅದೇ ದಾರಿಯಲ್ಲಿ, ಚಕ್ಕುಲಿಗೆ 6.4 ಕಟ್ಟಿದೋರು ಕೇಳಿಸ್ಕೊಳಿ. ದಾಖಲೆ ಎಲ್ಲಾ 5 ವರ್ಷ ಇಟ್ಕೋಬೇಕು, ಬೇಕರಿಯ ಆ ಕೈಬರಹದ ಹಾಳೆನೂ ಸೇರಿ, ಮಳೆಗಾಲದಲ್ಲಿ ಇಲ್ಲಿನ ಕಾಗದಕ್ಕೆ ಬೂಸ್ಟು ಹಿಡಿಯುತ್ತೆ, ಹಾಗಾಗಿ ಜೂನ್‌ಗೆ ಮುಂಚೆ ಸ್ಕ್ಯಾನ್ ಮಾಡಿಸಿ ತರಿಸ್ಕೊಳಿ.